ಒಂದೇ ಪೇಡಾ ಹಿಟ್ಟು, ತಟ್ಟೆ ತುಂಬ ದೆವ್ವ: ಮಕ್ಕಳ ಜೊತೆ ಹ್ಯಾಲೋವೀನ್ ಸಿಹಿ ಮಾಡುವ ಬಗೆ

ಅಕ್ಟೋಬರ್ ಎರಡನೇ ವಾರ ಬಂತೆಂದರೆ ನಮ್ಮ ಮನೆಯಲ್ಲಿ ಒಂದೇ ಪ್ರಶ್ನೆ. "ಅಮ್ಮಾ, ಈ ಸಲ ದೆವ್ವ ಯಾವಾಗ ಮಾಡೋದು?"

ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಅಕ್ಟೋಬರ್ 31ಕ್ಕೆ ಇಲ್ಲಿ ಹ್ಯಾಲೋವೀನ್, ಮಕ್ಕಳು ದೆವ್ವ ಗಿವ್ವದ ವೇಷ ಹಾಕಿ ಮನೆಮನೆಗೆ ಸಿಹಿ ಕೇಳಿಕೊಂಡು ಹೋಗುವ ಹಬ್ಬ. ಅಷ್ಟು ಹೊತ್ತಿಗೆ ಬೀದಿಯ ಮನೆಗಳ ಮೆಟ್ಟಿಲ ಮೇಲೆಲ್ಲ ಮುಖ ಕೆತ್ತಿದ ಕುಂಬಳಕಾಯಿ ಕೂತಿರುತ್ತದೆ, ಮರಕ್ಕೆ ಬಿಳಿ ಬಟ್ಟೆಯ ದೆವ್ವ ನೇತಾಡುತ್ತಿರುತ್ತದೆ, ಬಾಗಿಲಿಗೆ ಜೇಡರ ಬಲೆ ಎಳೆದಿರುತ್ತಾರೆ. ಮಗಳಿಗೆ ಈಗ ಆರು, ಮಗನಿಗೆ ಒಂಬತ್ತು. ಅವರಿಬ್ಬರಿಗೂ ಇದು ದೀಪಾವಳಿಯಷ್ಟೇ ದೊಡ್ಡ ಹಬ್ಬ.

ಮೊದಲ ವರ್ಷ ನಾನು ಅಂಗಡಿಯಿಂದ ಕುಕೀ ಅಲಂಕಾರದ ಕಿಟ್ ತಂದಿದ್ದೆ. ಐಸಿಂಗ್ ಕಲ್ಲಿನಂತೆ ಗಟ್ಟಿಯಾಗಿತ್ತು, ಮಕ್ಕಳ ಪುಟ್ಟ ಕೈಗೆ ಆ ಚೀಲ ಹಿಂಡಲು ಆಗಲೇ ಇಲ್ಲ. "ನೀನೇ ಮಾಡು" ಎಂದು ನನ್ನ ಕೈಗೆ ಕೊಟ್ಟು ಅರ್ಧ ಗಂಟೆಯಲ್ಲಿ ಇಬ್ಬರೂ ಎದ್ದು ಹೋದರು. ಹತ್ತು ಹನ್ನೆರಡು ಕುಕೀಗಳನ್ನು ನಾನೊಬ್ಬಳೇ ಕೂತು ಅಲಂಕರಿಸಿದೆ. ಚೆನ್ನಾಗಿಯೇ ಬಂದಿದ್ದವು, ಆದರೆ ಮಕ್ಕಳು ಅವನ್ನು ಮುಟ್ಟಲೂ ಇಲ್ಲ. ತಾವು ಮಾಡಿದ್ದಲ್ಲವಲ್ಲ!

ಅದಾದ ಕೆಲವು ದಿನಕ್ಕೆ ಚಪಾತಿ ಕಲಸುವಾಗ ಮಗಳಿಗೆ ಒಂದು ಉಂಡೆ ಹಿಟ್ಟು ಕೊಟ್ಟೆ. ಸುಮ್ನೆ ಕೂರಲಿ ಅಂತ. ಅವಳು ಹಾವು ಮಾಡಿದಳು, ಬಸವನಹುಳು ಮಾಡಿದಳು, ಮತ್ತೆ ಮುದ್ದೆ ಕಟ್ಟಿ ಅಜ್ಜಿಯ ಮುಖ ಮಾಡಿದಳು. ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ಆಗ ಹೊಳೆಯಿತು. ಇಂಥದ್ದೇ ಮೆತ್ತನೆಯ ಹಿಟ್ಟು ಸಿಹಿಯಾಗಿದ್ದರೆ, ಬೇಯಿಸದೆ ಹಾಗೇ ತಿನ್ನುವಂತಿದ್ದರೆ ಎಷ್ಟು ಚೆನ್ನ ಅಲ್ವಾ? ಅಂಥ ಹಿಟ್ಟು ನಮ್ಮ ಅಡುಗೆಮನೆಯಲ್ಲೇ ಇದೆ. ಹಾಲಿನ ಪುಡಿಯ ಪೇಡಾ! ಅಂದಿನಿಂದ ನಮ್ಮ ದೆವ್ವಗಳೆಲ್ಲ ಪೇಡಾದವು.

ಹೀಗೆ ಮಾಡುವಾಗ ನಾನು ಇಟ್ಟುಕೊಂಡಿರುವ ನಿಯಮ ಒಂದೇ. ಬಿಸಿ ಕೆಲಸ ಹಿಂದಿನ ರಾತ್ರಿಯೇ ಮುಗಿಯಬೇಕು, ಕೈ ಕೆಲಸ ಪೂರ್ತಿ ಮಕ್ಕಳಿಗೆ ಬಿಡಬೇಕು. ಕಂಡೆನ್ಸ್ಡ್ ಮಿಲ್ಕ್ ಕಾದಾಗ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ, ನೀರಿನ ಹಾಗೆ ಜಾರಿ ಹೋಗುವುದಿಲ್ಲ. ಒಲೆಯ ಮುಂದೆ ನಿಂತು ಪಾಕ ತಿರುಗಿಸುತ್ತಾ ಜೊತೆಗೆ ಇಬ್ಬರು ಮಕ್ಕಳನ್ನೂ ನೋಡಿಕೊಳ್ಳುತ್ತೇನೆ ಎಂದು ಹೊರಡಬೇಡಿ.

ಹಿಂದಿನ ರಾತ್ರಿ: ಹಿಟ್ಟು

ಸುಮಾರು 400 ಗ್ರಾಂನ ಒಂದು ಡಬ್ಬಿ ಕಂಡೆನ್ಸ್ಡ್ ಮಿಲ್ಕ್, ಎರಡೂವರೆ ಕಪ್ ಹಾಲಿನ ಪುಡಿ (300 ಗ್ರಾಂ ಹತ್ತಿರ), ಎರಡು ದೊಡ್ಡ ಚಮಚ ತುಪ್ಪ. ಅಷ್ಟೇ. ಇಷ್ಟರಲ್ಲಿ ನೆಲ್ಲಿಕಾಯಿ ಗಾತ್ರದ 40ರಿಂದ 45 ಸಿಹಿ ಆಗುತ್ತವೆ. ನಾಲ್ಕೈದು ಮಕ್ಕಳು ಸೇರಿದರೂ ಸಾಕು.

ಹಾಲಿನ ಪುಡಿಯ ಬಗ್ಗೆ ಒಂದು ಮಾತು. ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ಕಣ್ಣಿಗೆ ಬೀಳುವುದು ಜಾಸ್ತಿ ಕೊಬ್ಬು ತೆಗೆದ ಹಾಲಿನ ಪುಡಿ. ಅದು ಹರಳು ಹರಳಾಗಿರುತ್ತದೆ. ಅದರಲ್ಲಿ ಮಾಡಿದ ಹಿಟ್ಟು ಮರಳಿನ ಹಾಗೆ ನಾಲಿಗೆಗೆ ಸಿಗುತ್ತದೆ, ಉಂಡೆ ಕಟ್ಟಿದರೆ ಬಿರಿಯುತ್ತದೆ. ಇಂಡಿಯನ್ ಅಂಗಡಿಗೆ ಹೋಗಿ ಫುಲ್ ಕ್ರೀಮ್ ಪುಡಿ ತನ್ನಿ. ಬೆಂಗಳೂರಲ್ಲಿ ಇರುವವರಿಗೆ ಈ ತಾಪತ್ರಯ ಕಡಿಮೆ, ಆದರೆ ಪುಡಿ ಹಾಲಿನದೇ ಹೌದಾ, ಚಹಾಕ್ಕೆ ಹಾಕುವ ಡೈರಿ ವೈಟ್ನರಾ ಎಂದು ಪೊಟ್ಟಣ ಓದಿ ನೋಡಿ. ವೈಟ್ನರ್‌ನಲ್ಲಿ ಸಾಮಾನ್ಯವಾಗಿ ಸಕ್ಕರೆ ಸೇರಿರುತ್ತದೆ. ಕಂಡೆನ್ಸ್ಡ್ ಮಿಲ್ಕ್ ಸಿಹಿಯೇ ಸಾಕಷ್ಟಿರುವಾಗ ಮೇಲೆ ಇನ್ನಷ್ಟು ಯಾಕೆ?

ದಪ್ಪ ತಳದ ಬಾಣಲೆ ಅಥವಾ ನಾನ್‌ಸ್ಟಿಕ್ ಪಾತ್ರೆ ತೆಗೆದುಕೊಳ್ಳಿ. ಒಲೆ ಹಚ್ಚುವ ಮೊದಲೇ ತುಪ್ಪ, ಕಂಡೆನ್ಸ್ಡ್ ಮಿಲ್ಕ್, ಹಾಲಿನ ಪುಡಿ ಮೂರನ್ನೂ ಹಾಕಿ ಗಂಟಿಲ್ಲದ ಹಾಗೆ ಕಲಸಿ. ಇದು ಮುಖ್ಯ. ಬಿಸಿ ಪಾಕಕ್ಕೆ ಪುಡಿ ಸುರಿದರೆ ಗಂಟು ಕಟ್ಟುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ಬಿಡುವುದಿಲ್ಲ. ಕಲಸಿದ ಮೇಲೆ ಸಣ್ಣ ಉರಿಯಲ್ಲಿಟ್ಟು ತಳ ಹಿಡಿಯದಂತೆ ಕೈಬಿಡದೆ ತಿರುಗಿಸಿ. ಆರೇಳು ನಿಮಿಷಕ್ಕೆ ಮಿಶ್ರಣ ಅಂಚು ಬಿಟ್ಟು ನಡುವೆ ಮುದ್ದೆಯಾಗಿ ಸೇರುತ್ತದೆ. ಒಂದು ಚಿಟಿಕೆಯಷ್ಟು ತೆಗೆದು ತಟ್ಟೆಯಲ್ಲಿಟ್ಟು ಆರಿಸಿ, ಬೆರಳ ನಡುವೆ ಉರುಟಿ ನೋಡಿ. ಕೈಗೆ ಅಂಟದೆ ಉಂಡೆಯಾದರೆ ತಕ್ಷಣ ಒಲೆ ಆರಿಸಿ. ಇನ್ನೆರಡು ನಿಮಿಷ ಇರಲಿ ಎಂದು ಬಿಟ್ಟರೆ ಆರಿದ ಮೇಲೆ ಗಟ್ಟಿಯಾಗಿ ಮಕ್ಕಳ ಕೈಗೆ ಬಗ್ಗುವುದಿಲ್ಲ. ಸ್ವಲ್ಪ ಮೆತ್ತಗಿದ್ದಾಗಲೇ ಇಳಿಸುವುದು ಒಳ್ಳೆಯದು. ಆರುತ್ತಾ ಅದೇ ಗಟ್ಟಿಯಾಗುತ್ತದೆ.

ತುಪ್ಪ ಸವರಿದ ತಟ್ಟೆಗೆ ಸುರಿದು, ಉಗುರುಬೆಚ್ಚಗಾದ ಮೇಲೆ ಚಪಾತಿ ಹಿಟ್ಟಿನ ಹಾಗೆ ಚೆನ್ನಾಗಿ ನಾದಿ. ನುಣುಪಾಗಬೇಕು. ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದಂತೆ ಸುತ್ತಿ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಗಟ್ಟಿ ಅನ್ನಿಸಿದರೆ ಮೈಕ್ರೋವೇವ್‌ನಲ್ಲಿ ಹತ್ತು ಸೆಕೆಂಡ್ ಇಟ್ಟು ಮತ್ತೊಮ್ಮೆ ನಾದಿದರೆ ಸರಿಹೋಗುತ್ತದೆ. ಅಂಟಂಟಾಗಿದ್ದರೆ ಒಂದು ಚಮಚ ಹಾಲಿನ ಪುಡಿ, ಬಿರುಕು ಬಿಡುತ್ತಿದ್ದರೆ ನಾಲ್ಕು ಹನಿ ಹಾಲು.

ಬಣ್ಣ

ನಾನು ಹಿಟ್ಟಿನ ಅರ್ಧ ಭಾಗ ಬಿಳಿಯಾಗೇ ಬಿಡುತ್ತೇನೆ, ದೆವ್ವಕ್ಕೆ ಮತ್ತು ಕಣ್ಣುಗುಡ್ಡೆಗೆ. ಉಳಿದ ಅರ್ಧದಲ್ಲಿ ಜಾಸ್ತಿ ಪಾಲು ಕುಂಬಳಕಾಯಿ ಬಣ್ಣಕ್ಕೆ, ಸ್ವಲ್ಪ ಕಂದು ಬಣ್ಣಕ್ಕೆ.

ಕುಂಬಳಕಾಯಿ ಬಣ್ಣಕ್ಕೆ ಒಂದು ಚಿಟಿಕೆ ಅರಿಶಿನ, ಅದರ ಮೇಲೆ ಒಂದೊಂದೇ ಹನಿ ಬೀಟ್‌ರೂಟ್ ರಸ. ಒಮ್ಮೆಲೇ ಸುರಿಯಬೇಡಿ, ಗುಲಾಬಿಯಾಗಿಬಿಡುತ್ತದೆ. ಈ ಹನಿ ಹಾಕುವ ಕೆಲಸವನ್ನು ಮಕ್ಕಳಿಗೇ ಕೊಡಿ. ಹಳದಿಗೆ ಕೆಂಪು ಬಿದ್ದು ಕಿತ್ತಳೆಯಾಗುವುದನ್ನು ನೋಡುವಾಗ ಮಗಳು ಪ್ರತಿ ವರ್ಷವೂ ಮೊದಲ ಸಲ ನೋಡಿದ ಹಾಗೆ ಕೂಗುತ್ತಾಳೆ. ಕಂದು ಬಣ್ಣಕ್ಕೆ ಕೊಕೊ ಪುಡಿ. ಹಸಿರು ಬೇಕೆಂದರೆ ಪಿಸ್ತಾ ನುಣ್ಣಗೆ ಪುಡಿ ಮಾಡಿ ಕಲಸಬಹುದು, ಆದರೆ ಬರುವ ಮಕ್ಕಳಲ್ಲಿ ಯಾರಿಗೂ ಬೀಜಗಳ ಅಲರ್ಜಿ ಇಲ್ಲ ಎಂದು ಗೊತ್ತಿದ್ದರೆ ಮಾತ್ರ.

ಅಂಗಡಿ ಬಣ್ಣ ಹಾಕಲೇಬಾರದು ಎಂದು ನಾನು ಹೇಳುವುದಿಲ್ಲ. ತಿನ್ನುವ ಬಣ್ಣ ಎಂದು ಸರಿಯಾಗಿ ಮುದ್ರಿಸಿದ ಸೀಸೆ ತನ್ನಿ, ಹನಿ ಲೆಕ್ಕದಲ್ಲಿ ಹಾಕಿ. ಹೆಸರಿಲ್ಲದ ಪೊಟ್ಟಣದ ಬಣ್ಣ ಮಾತ್ರ ಬೇಡವೇ ಬೇಡ. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು ಅಲ್ವಾ? ಆ ಮಿಠಾಯಿಯಲ್ಲಿ ಸಿಕ್ಕಿದ್ದ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಕಡು ಗುಲಾಬಿ, ಕಡು ಕೆಂಪು ನೋಡಲು ಚಂದ ಎಂದು ಆಸೆಪಡುವ ಮೊದಲು ಅದು ನೆನಪಿರಲಿ.

ಕಪ್ಪು ಬಣ್ಣಕ್ಕೆ ಆಕ್ಟಿವೇಟೆಡ್ ಚಾರ್ಕೋಲ್ ಹಾಕುವ ವಿಡಿಯೋಗಳು ಹ್ಯಾಲೋವೀನ್ ಹೊತ್ತಿಗೆ ತುಂಬಾ ಓಡಾಡುತ್ತವೆ. ಅದನ್ನು ಮಾಡಬೇಡಿ. ಆ ಇದ್ದಿಲಿನ ಪುಡಿ ಹೊಟ್ಟೆಯಲ್ಲಿ ಔಷಧಿಯನ್ನೂ ಹೀರಿಕೊಳ್ಳುತ್ತದೆ. ಔಷಧಿ ತೆಗೆದುಕೊಳ್ಳುತ್ತಿರುವ ಮಗುವಿಗೆ ಅದು ಒಳ್ಳೆಯದಲ್ಲ. ಕಡು ಕಂದು ಬಣ್ಣದ ಕೊಕೊ ಪುಡಿಯೇ ಕತ್ತಲೆಗೆ ಸಾಕು.

ಮಕ್ಕಳು ಕೂರುವ ಮುನ್ನ

ಮೇಜಿನ ಮೇಲೆ ಬಟರ್ ಪೇಪರ್ ಹಾಸಿ ಅಂಚಿಗೆ ಟೇಪ್ ಹಚ್ಚಿ. ಒಬ್ಬೊಬ್ಬರಿಗೂ ಬೇರೆ ಬೇರೆ ತಟ್ಟೆ, ಬೇರೆ ಬೇರೆ ಹಿಟ್ಟು. ಹಂಚಿಕೊಳ್ಳಿ ಎಂದು ಒಂದೇ ಬಟ್ಟಲಲ್ಲಿ ಇಟ್ಟರೆ ಹತ್ತು ನಿಮಿಷದಲ್ಲಿ ಜಗಳ ಗ್ಯಾರಂಟಿ. ಕೈ ತೊಳೆದು, ಉಗುರು ನೋಡಿ, ಕೂದಲು ಕಟ್ಟಿ, ಅಪ್ಪನ ಹಳೇ ಟೀ ಶರ್ಟ್ ಹಾಕಿಸಿ. ಪಕ್ಕದಲ್ಲಿ ಒಂದು ಬಟ್ಟಲು ತುಪ್ಪ, ಒಂದು ಒದ್ದೆ ಬಟ್ಟೆ. ಬಳಸದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿರಬೇಕು, ಇಲ್ಲದಿದ್ದರೆ ಒಣಗಿ ಬಿರಿಯುತ್ತದೆ.

ಊಟ ಆದ ಮೇಲೆ ಶುರು ಮಾಡಿ. ಹಸಿದ ಮಕ್ಕಳು ದೆವ್ವ ಮಾಡುವುದಿಲ್ಲ, ಹಿಟ್ಟು ತಿನ್ನುತ್ತಾರೆ.

ದೆವ್ವ

ಬಿಳಿ ಹಿಟ್ಟಿನ ಒಂದು ಉಂಡೆ. ಅಂಗೈಯಲ್ಲಿ ಉರುಟಿ ಸ್ವಲ್ಪ ಉದ್ದ ಮಾಡಿ. ಮೇಲ್ಭಾಗ ದುಂಡಗಿರಲಿ. ಕೆಳಗಿನ ಅಂಚನ್ನು ಬೆರಳ ತುದಿಯಿಂದ ಅಲ್ಲಲ್ಲಿ ಚಿವುಟಿ ಎಳೆದರೆ ಬಿಳಿ ಬಟ್ಟೆಯ ನಿರಿಗೆಯಂತೆ ಕಾಣುತ್ತದೆ. ತಟ್ಟೆಯಲ್ಲಿ ನಿಲ್ಲಿಸಿ ಮೆಲ್ಲಗೆ ಒತ್ತಿದರೆ ಬೀಳುವುದಿಲ್ಲ. ಬೇಕಿದ್ದರೆ ಒಣಕೊಬ್ಬರಿ ಪುಡಿಯಲ್ಲಿ ಹೊರಳಿಸಿ, ದೆವ್ವಕ್ಕೆ ರೋಮ ಬಂದಂತಾಗುತ್ತದೆ. ಹೊರಳಿಸುವುದಾದರೆ ಕಣ್ಣು ಇಡುವ ಮೊದಲೇ ಆಗಬೇಕು.

ಕಣ್ಣಿಗೆ ಕಪ್ಪು ಎಳ್ಳು. ಟೂತ್‌ಪಿಕ್ ತುದಿಯನ್ನು ತುಪ್ಪಕ್ಕೆ ಮುಟ್ಟಿಸಿ ಎಳ್ಳಿಗೆ ತಾಗಿಸಿದರೆ ಎಳ್ಳು ಅದಕ್ಕೇ ಅಂಟಿಕೊಂಡು ಬರುತ್ತದೆ, ದೆವ್ವದ ಮುಖಕ್ಕೆ ಒತ್ತಿದರೆ ಕೂತುಬಿಡುತ್ತದೆ. ಮಗ ಈ ಕೆಲಸದಲ್ಲಿ ಪಳಗಿದ್ದಾನೆ. ಬಾಯಿಗೆ ಸ್ಟ್ರಾ ತುದಿಯಿಂದ ಒತ್ತಿದ ಒಂದು ವೃತ್ತ ಸಾಕು. "ಓ" ಎನ್ನುವ ದೆವ್ವ.

ಇಲ್ಲಿ ನನ್ನ ಅನುಭವ ಒಂದನ್ನು ಹೇಳಬೇಕು. ಮಕ್ಕಳ ದೆವ್ವ ವಾಲಿರುತ್ತದೆ, ಒಂದು ಕಣ್ಣು ಹಣೆಯಲ್ಲಿರುತ್ತದೆ, ಇನ್ನೊಂದು ಕೆನ್ನೆಯಲ್ಲಿರುತ್ತದೆ. ಸರಿ ಮಾಡಲು ಕೈ ಹಾಕಬೇಡಿ. ಒಮ್ಮೆ ಮಗಳು ನೀರು ಕುಡಿಯಲು ಹೋದಾಗ ನಾನು ಅವಳ ದೆವ್ವದ ಕಣ್ಣನ್ನು ನೇರ ಮಾಡಿಬಿಟ್ಟೆ. ಬಂದು ನೋಡಿ, "ಇದು ನಂದಲ್ಲ" ಎಂದು ಪಕ್ಕಕ್ಕೆ ಸರಿಸಿದಳು. ಅಂದಿನಿಂದ ನಾನು ಕೈ ಕಟ್ಟಿಕೊಂಡು ಕೂರುತ್ತೇನೆ, ಕೇಳಿದರೆ ಮಾತ್ರ ಸಹಾಯ.

ಕುಂಬಳಕಾಯಿ, ಬೆರಳು, ಕಣ್ಣುಗುಡ್ಡೆ

ಕುಂಬಳಕಾಯಿ ಎಲ್ಲಕ್ಕಿಂತ ಸುಲಭ. ಕಿತ್ತಳೆ ಉಂಡೆಯನ್ನು ಸ್ವಲ್ಪ ಒತ್ತಿ ಚಪ್ಪಟೆ ಮಾಡಿ, ಟೂತ್‌ಪಿಕ್ಕನ್ನು ಮಲಗಿಸಿ ಮೇಲಿಂದ ಕೆಳಕ್ಕೆ ಆರು ಗೆರೆ ಒತ್ತಿ. ನಡುವೆ ತೊಟ್ಟಿಗೆ ಒಂದು ಹಸಿರು ಕುಂಬಳ ಬೀಜ ಸಿಕ್ಕಿಸಿ, ಮೂರು ನಾಲ್ಕು ವರ್ಷದ ಮಕ್ಕಳಿದ್ದರೆ ಬೀಜದ ಬದಲು ಕಂದು ಹಿಟ್ಟಿನದೇ ತೊಟ್ಟು.

ಮುಖ ಕೆತ್ತಿದ ಕುಂಬಳಕಾಯಿ ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ನಲ್ಲಿ ಮೊದಲು ಟರ್ನಿಪ್ ಗೆಡ್ಡೆಯನ್ನು ಕೊರೆದು ಒಳಗೆ ದೀಪ ಇಡುತ್ತಿದ್ದರು. 19ನೇ ಶತಮಾನದಲ್ಲಿ ಅಲ್ಲಿಂದ ಜನ ಗುಂಪುಗುಂಪಾಗಿ ಅಮೆರಿಕಕ್ಕೆ ಬಂದರು. ಇಲ್ಲಿ ಕುಂಬಳಕಾಯಿ ಬೇಕಾದಷ್ಟು, ಕೊರೆಯುವುದೂ ಸುಲಭ. ಹಬ್ಬದ ಬೇರು ಐರ್ಲೆಂಡ್ ಕಡೆಯ ಕೆಲ್ಟಿಕ್ ಜನರ ಸೌವಿನ್ ಎಂಬ ಹಳೆಯ ಆಚರಣೆಯಲ್ಲಿದೆ. ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಆ ರಾತ್ರಿ ಸತ್ತವರು ಈ ಲೋಕಕ್ಕೆ ಬಂದು ಹೋಗುತ್ತಾರೆ ಎಂದು ನಂಬಿದ್ದರು. ವಿಡಿಯೋ ಕಾಲ್‌ನಲ್ಲಿ ಇದನ್ನು ಕೇಳಿ ನಮ್ಮಮ್ಮ, "ಹಾಗಾದ್ರೆ ನಮ್ಮ ಪಿತೃಪಕ್ಷದ ಹಾಗೇ ಅಲ್ವೇನೇ, ನಾವೂ ಹಿರಿಯರಿಗೆ ಎಡೆ ಇಡ್ತೀವಲ್ಲ" ಎಂದರು. ಮಕ್ಕಳಿಗೆ ನಾನು ಹೇಳಿದ್ದಕ್ಕಿಂತ ಅದು ಬೇಗ ಅರ್ಥವಾಯಿತು.

ಆಮೇಲೆ ಅಮ್ಮ ಇನ್ನೊಂದು ಹೇಳಿದರು. ನಮ್ಮೂರಲ್ಲೂ ಕುಂಬಳಕಾಯಿಗೆ ಮುಖ ಬರೆಯುತ್ತಾರಲ್ಲ, ಕಟ್ಟುತ್ತಿರುವ ಮನೆಯ ಮುಂದೆ ದೃಷ್ಟಿ ಆಗದಿರಲಿ ಎಂದು ನೇತುಹಾಕುವ ಬೂದುಗುಂಬಳ! ದೊಡ್ಡ ಕಣ್ಣು, ಹುರಿಮೀಸೆ, ಹೊರಗೆ ಚಾಚಿದ ಕೆಂಪು ನಾಲಿಗೆ. ಮಗಳು ಫೋಟೋ ನೋಡಿದ್ದೇ ತಡ, ತನ್ನ ಪೇಡಾ ಕುಂಬಳಕಾಯಿಗೆಲ್ಲ ಕೊಕೊ ಹಿಟ್ಟಿನ ಮೀಸೆ ಅಂಟಿಸಿದಳು, ಬೀಟ್‌ರೂಟ್ ಹಾಕಿದ ಹಿಟ್ಟಿನ ನಾಲಿಗೆ ಇಟ್ಟಳು. ಈಗ ಅದು ನಮ್ಮ ಮನೆಯ ಖಾಯಂ ಐಟಂ. ನೀವೂ ಮಾಡಿ ನೋಡಿ, ಬೇರೆ ಯಾವ ಮನೆಯಲ್ಲೂ ಇಂಥ ಕುಂಬಳಕಾಯಿ ಸಿಗುವುದಿಲ್ಲ.

ಮಾಟಗಾತಿಯ ಬೆರಳಿಗೆ ಬಿಳಿ ಹಿಟ್ಟನ್ನು ನಿಮ್ಮ ಕಿರುಬೆರಳಿನಷ್ಟು ಉದ್ದಕ್ಕೆ ಹೊಸೆಯಿರಿ. ಗೆಣ್ಣು ಬರುವ ಎರಡು ಕಡೆ ಚಾಕುವಿನ ಹಿಂಬದಿಯಿಂದ ಮೂರು ಮೂರು ಗೆರೆ. ತುದಿಗೆ ಉಗುರಾಗಿ ತೆಳ್ಳಗೆ ಹೆಚ್ಚಿದ ಬಾದಾಮಿ ಚೂರು. ಬುಡಕ್ಕೆ ಸ್ವಲ್ಪ ಸ್ಟ್ರಾಬೆರಿ ಜಾಮ್ ಹಚ್ಚಿದರೆ ಕತ್ತರಿಸಿದ ಬೆರಳು. ನೋಡಲು ನಿಜಕ್ಕೂ ಭಯವಾಗುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಚಿಕ್ಕ ಮಕ್ಕಳಿದ್ದರೆ ಜಾಮ್ ಬೇಡ. ಮಗಳಿಗೆ ನಾಲ್ಕು ವರ್ಷವಿದ್ದಾಗ ಅಣ್ಣ ಮಾಡಿದ ರಕ್ತದ ಬೆರಳು ನೋಡಿ ಅತ್ತುಬಿಟ್ಟಿದ್ದಳು. ಆ ಬೆರಳಿಗೆ ಅಣ್ಣನೇ ಹಿಟ್ಟಿನ ಉಂಗುರ ತೊಡಿಸಿ, "ನೋಡು ಪುಟ್ಟಿ, ಇದು ಮದುವೆ ಮನೆ ಬೆರಳು" ಎಂದಾಗ ಸಮಾಧಾನವಾಯಿತು. ಭಯದ ಅಳತೆ ಒಬ್ಬೊಬ್ಬ ಮಗುವಿಗೆ ಒಂದೊಂದು. ನಗುವ ದೆವ್ವ ಸಾಕು ಎನ್ನುವ ಮಗುವಿಗೆ ನಗುವ ದೆವ್ವವೇ ಇರಲಿ.

ಕಣ್ಣುಗುಡ್ಡೆ ದೊಡ್ಡ ಮಕ್ಕಳಿಗೆ ಬಲು ಇಷ್ಟ. ಬಿಳಿ ಉಂಡೆ, ನಡುವೆ ತಲೆಕೆಳಗಾಗಿ ಒತ್ತಿದ ಒಂದು ಚಾಕೊಲೇಟ್ ಚಿಪ್. ಟೂತ್‌ಪಿಕ್ ಅನ್ನು ಬೀಟ್‌ರೂಟ್ ರಸದಲ್ಲಿ ಅದ್ದಿ ಅಂಚಿನಿಂದ ನಡುವಿಗೆ ಸೊಟ್ಟ ಗೆರೆ ಎಳೆದರೆ ಕೆಂಪು ನರ.

"ನಾಳೆ ಬಾ" ಬಾಗಿಲು

ಇದು ನನಗೆ ತುಂಬಾ ಇಷ್ಟವಾದದ್ದು. 1990ರ ದಶಕದಲ್ಲಿ ಬೆಂಗಳೂರು ಕಡೆ ಬೆಳೆದವರಿಗೆ ಇದು ನೆನಪಿರುತ್ತದೆ. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಬಾಗಿಲು ತಟ್ಟುತ್ತದಂತೆ, ಮನೆಯವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತದಂತೆ, ಬಾಗಿಲು ತೆಗೆದರೆ ಮುಗೀತಂತೆ ಎಂದು ಸುದ್ದಿ. ಜನ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದರು. ದೆವ್ವ ಬಂದು ಓದಿಕೊಂಡು ವಾಪಸ್ ಹೋಗುತ್ತದೆ, ಮರುದಿನ ಬಂದರೂ ಅದೇ ಬರಹ. ನಾನು ಈ ಕಥೆ ಹೇಳಿದಾಗ ಮಗ ಕೇಳಿದ ಪ್ರಶ್ನೆ, "ಅಂದ್ರೆ ದೆವ್ವಕ್ಕೆ ಕನ್ನಡ ಓದೋಕೆ ಬರ್ತಿತ್ತಾ?" ಬರುತ್ತಿತ್ತು ಪುಟ್ಟ, ನೀನೂ ಕಲಿ ಎಂದೆ. ಬಿಸ್ಕತ್ತಿನ ಮೇಲೆ ಕನ್ನಡ ಅಕ್ಷರ ಬರೆಯಲು ಶುರುವಾದದ್ದು ಹಾಗೆ.

ಬಾಗಿಲಿಗೆ ಪಾರ್ಲೆ-ಜಿ ಬಿಸ್ಕತ್ತು. ಆಕಾರ ಬಾಗಿಲಿನದೇ. ಹೆಸರು ಅಚ್ಚಾಗಿರುವ ಬದಿ ಕೆಳಗೆ ಹಾಕಿ, ಹಿಂಬದಿ ಮೇಲೆ ಬರಲಿ. ಕರಗಿಸಿದ ಚಾಕೊಲೇಟ್‌ನಲ್ಲಿ ಟೂತ್‌ಪಿಕ್ ಅದ್ದಿ ಬರೆಯಿರಿ. ನಾ, ಳೆ, ಬಾ. ಬರೀ ಮೂರು ಅಕ್ಷರ. ಮೇಲೆ "ನಾಳೆ", ಕೆಳಗೆ "ಬಾ" ಎಂದು ಎರಡು ಸಾಲಾಗಿ ಬರೆದರೆ ಜಾಗ ಸಾಲುತ್ತದೆ. ಬಲಗಡೆ ಒಂದು ಚುಕ್ಕೆ ಇಟ್ಟರೆ ಅದೇ ಬಾಗಿಲ ಹಿಡಿ. ಕನ್ನಡ ಕಲಿಯುತ್ತಿರುವ ಮಕ್ಕಳಿಗೆ "ಳ" ಬರೆಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ನಾಲ್ಕು ಬಾಗಿಲು ಹಾಳಾಗುತ್ತವೆ, ಐದನೆಯದು ಸರಿ ಬರುತ್ತದೆ. ಹಾಳಾದವನ್ನು ಬರೆದವರೇ ತಿನ್ನಬೇಕು ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ತಟ್ಟೆಯಲ್ಲಿ ಬಾಗಿಲು ನಿಲ್ಲಿಸಲು ಕಂದು ಹಿಟ್ಟಿನ ಒಂದು ಮುದ್ದೆ ಒತ್ತಿ ಅದಕ್ಕೆ ಬಿಸ್ಕತ್ತು ಊರಿ, ಮುಂದೆ ಒಂದು ಬಿಳಿ ದೆವ್ವ ಇಡಿ.

ಚಾಕೊಲೇಟ್ ಕರಗಿಸುವಾಗ

ಇಡೀ ಕೆಲಸದಲ್ಲಿ ಕೈಕೊಡುವ ಜಾಗ ಇದೊಂದೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬೆಂಗಳೂರಲ್ಲಾದರೆ ಕೇಕ್ ಸಾಮಾನಿನ ಅಂಗಡಿಯಲ್ಲಿ ಕಾಂಪೌಂಡ್ ಚಾಕೊಲೇಟ್ ಕೇಳಿ, ಅಮೆರಿಕದಲ್ಲಾದರೆ ಕ್ಯಾಂಡಿ ಮೆಲ್ಟ್ಸ್. ಇವುಗಳಲ್ಲಿ ಕೊಕೊ ಬೆಣ್ಣೆಯ ಬದಲು ಬೇರೆ ಕೊಬ್ಬು ಇರುತ್ತದೆ. ಹಾಗಾಗಿ ಸುಮ್ನೆ ಕರಗಿಸಿ ಹಚ್ಚಿದರೆ ತಾನಾಗೇ ಗಟ್ಟಿಯಾಗುತ್ತದೆ. ಅಸಲಿ ಚಾಕೊಲೇಟ್ ರುಚಿ ಜಾಸ್ತಿ, ನಿಜ, ಆದರೆ ಅದನ್ನು ಹದವಾದ ಶಾಖದಲ್ಲಿ ಏರಿಸಿ ಇಳಿಸಿ ಮಾಡದಿದ್ದರೆ ಹೊಳಪು ಹೋಗಿ ಬೆರಳಿಗೆ ಅಂಟುತ್ತದೆ. ಮಕ್ಕಳ ಜೊತೆ ಆ ಸಾಹಸ ಬೇಡ.

ನೂರು ಗ್ರಾಂ ಸಣ್ಣಗೆ ಹೆಚ್ಚಿ ಗಾಜಿನ ಬಟ್ಟಲಿಗೆ ಹಾಕಿ. ಮೈಕ್ರೋವೇವ್ ಅರ್ಧ ಪವರ್‌ನಲ್ಲಿ 30 ಸೆಕೆಂಡ್, ತೆಗೆದು ಕಲಕಿ, ಮತ್ತೆ 30 ಸೆಕೆಂಡ್. ಸ್ವಲ್ಪ ಚೂರು ಉಳಿದಿರುವಾಗಲೇ ನಿಲ್ಲಿಸಿ, ಉಳಿದದ್ದು ಕಲಕುತ್ತಾ ಕರಗುತ್ತದೆ. ಬಿಳಿ ಚಾಕೊಲೇಟ್ ಬೇಗ ಸೀದುಹೋಗುತ್ತದೆ, ಅದರ ಮೇಲೆ ಕಣ್ಣಿರಲಿ. ಗಟ್ಟಿ ಅನ್ನಿಸಿದರೆ ಒಂದು ಚಿಕ್ಕ ಚಮಚ ಕೊಬ್ಬರಿ ಎಣ್ಣೆ, ಅಡುಗೆಯದು.

ನೀರು ಮಾತ್ರ ತಾಗಬಾರದು. ಒಂದು ಹನಿ ಬಿದ್ದರೂ ಚಾಕೊಲೇಟ್ ಒಡೆದು ಗಸಿಯಂತಾಗುತ್ತದೆ. ಒಂದು ವರ್ಷ ಮಗಳು ತೊಳೆದ ಒದ್ದೆ ಚಮಚ ಹಾಕಿಬಿಟ್ಟಳು, ಪೂರ್ತಿ ಬಟ್ಟಲು ಮುದ್ದೆಯಾಯಿತು. ಎಸೆಯಬೇಡಿ. ಬಿಸಿ ಹಾಲನ್ನು ಒಂದೊಂದೇ ಚಮಚ ಹಾಕಿ ಕಲಕುತ್ತಾ ಹೋದರೆ ಸಾಸ್ ಆಗುತ್ತದೆ, ಐಸ್‌ಕ್ರೀಮ್ ಮೇಲೆ ಸುರಿದುಕೊಳ್ಳಬಹುದು. ಅಲಂಕಾರಕ್ಕೆ ಮಾತ್ರ ಹೊಸದಾಗಿ ಕರಗಿಸಬೇಕು. ಇದೇ ಕಾರಣಕ್ಕೆ ಚಾಕೊಲೇಟ್‌ಗೆ ಸಾಮಾನ್ಯ ನೀರಿನ ಬಣ್ಣ ಹಾಕಬಾರದು, ಎಣ್ಣೆ ಆಧಾರಿತ ಬಣ್ಣ ಅಥವಾ ಪುಡಿ ಬಣ್ಣವೇ ಆಗಬೇಕು.

ಕರಗಿದ್ದನ್ನು ಜಿಪ್ ಕವರ್‌ಗೆ ತುಂಬಿ, ನಿಮ್ಮ ಮಣಿಕಟ್ಟಿಗೆ ಮುಟ್ಟಿಸಿ ನೋಡಿ. ಬಿಸಿ ಅನ್ನಿಸದಿದ್ದರೆ ಮೂಲೆಯನ್ನು ಚೂರೇ ಚೂರು ಕತ್ತರಿಸಿ ಮಕ್ಕಳ ಕೈಗೆ ಕೊಡಿ. ಮಾರಿ ಬಿಸ್ಕತ್ತಿನ ಮೇಲೆ ಬಿಳಿ ಚಾಕೊಲೇಟನ್ನು ಅಡ್ಡಾದಿಡ್ಡಿ ಎಳೆದು ನಡುವೆ ಎರಡು ಕಣ್ಣು ಇಟ್ಟರೆ ಬಟ್ಟೆ ಸುತ್ತಿದ ಈಜಿಪ್ಟಿನ ಹೆಣ, ಅಂದರೆ ಮಮ್ಮಿ. ಇನ್ನೂ ಚೆನ್ನಾಗಿ ಕಾಣುವುದು ಜೇಡರ ಬಲೆ. ಮಾರಿಯ ಮೇಲೆ ಬಿಳಿ ಚಾಕೊಲೇಟ್ ಪೂರ್ತಿ ಸವರಿ, ಆರುವ ಮೊದಲೇ ಕಂದು ಚಾಕೊಲೇಟ್‌ನಲ್ಲಿ ಒಂದರೊಳಗೊಂದು ಮೂರು ವೃತ್ತ ಬರೆದು, ಟೂತ್‌ಪಿಕ್‌ನಿಂದ ನಡುವಿನಿಂದ ಹೊರಗೆ ಎಂಟು ಸಲ ಎಳೆಯಿರಿ. ಬಲೆ ತಾನಾಗೇ ಮೂಡುತ್ತದೆ. ಬೇಗ ಮಾಡಬೇಕು, ಒಂದೊಂದೇ ಬಿಸ್ಕತ್ತು ಮುಗಿಸುತ್ತಾ ಹೋಗಿ.

ಬಲೆಗೆ ಜೇಡ ಬೇಡವೇ? ಬೀಜ ತೆಗೆದ ಖರ್ಜೂರ ಒಂದು ಕಪ್, ಎರಡು ಚಮಚ ಕೊಕೊ ಪುಡಿ, ಚೆನ್ನಾಗಿ ಕಿವುಚಿ ಸಣ್ಣ ಉಂಡೆ ಮಾಡಿ. ಕಾಲಿಗೆ ಚಕ್ಕುಲಿ! ತೆಳ್ಳನೆಯ ಚಕ್ಕುಲಿಯನ್ನು ಮುರಿದರೆ ಬಾಗಿದ ಚೂರುಗಳು ಸಿಗುತ್ತವೆ, ಒಂದು ಬದಿಗೆ ನಾಲ್ಕು, ಇನ್ನೊಂದು ಬದಿಗೆ ನಾಲ್ಕು ಚುಚ್ಚಿದರೆ ಓಡಲು ತಯಾರಾದ ಜೇಡ. ಸಿಹಿಯ ಜೊತೆ ಖಾರ, ದೊಡ್ಡವರಿಗೆ ಇದೇ ಮೊದಲು ಖಾಲಿಯಾಗುತ್ತದೆ.

ಯಾರಿಗೆ ಕೊಡಬಹುದು, ಯಾರಿಗೆ ಬೇಡ

ಹೊಸದಾಗಿ ಇಲ್ಲಿಗೆ ಬಂದವರಿಗೆ ಹೇಳುತ್ತಿದ್ದೇನೆ. ಹ್ಯಾಲೋವೀನ್ ಸಂಜೆ ಬಾಗಿಲಿಗೆ ಬರುವ ಗೊತ್ತಿಲ್ಲದ ಮಕ್ಕಳಿಗೆ ಮನೆಯಲ್ಲಿ ಮಾಡಿದ್ದನ್ನು ಕೊಡಬೇಡಿ. ಬಿಚ್ಚಿದ ಸಿಹಿಯನ್ನು ಇಲ್ಲಿನ ತಂದೆ ತಾಯಿ ತಿನ್ನಲು ಬಿಡುವುದಿಲ್ಲ, ನೀವು ಪ್ರೀತಿಯಿಂದ ಮಾಡಿದ್ದು ಕಸದ ಬುಟ್ಟಿಗೆ ಹೋಗುತ್ತದೆ. ಅವರಿಗೆ ಅಂಗಡಿಯ ಪೊಟ್ಟಣದ್ದೇ ಕೊಡಿ. ಶಾಲೆಗೆ ಕಳಿಸುವ ಮೊದಲೂ ಟೀಚರ್‌ಗೆ ಕೇಳಿ, ಮನೆಯ ತಿಂಡಿ ಬೇಡ ಎನ್ನುವ ಶಾಲೆಗಳು ಬಹಳ. ಈ ದೆವ್ವಗಳು ಮನೆಗೆ, ಗೆಳೆಯರಿಗೆ, ಕನ್ನಡ ಕಲಿ ತರಗತಿಯ ಪರಿಚಯದ ಮನೆಗಳಿಗೆ.

ಅಲರ್ಜಿ ಕೇಳುವುದನ್ನು ಮರೆಯಬೇಡಿ. ನಮ್ಮ ಪೇಡಾದಲ್ಲಿ ಹಾಲು, ಬಿಸ್ಕತ್ತಲ್ಲಿ ಗೋಧಿ, ಬೆರಳಲ್ಲಿ ಬಾದಾಮಿ. ಎಳ್ಳನ್ನು ನಾವು ಅಲರ್ಜಿ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ, ಆದರೆ ಅಮೆರಿಕದಲ್ಲಿ 2023ರ ಜನವರಿ 1ರಿಂದ ಎಳ್ಳು ಕೂಡ ಪೊಟ್ಟಣದ ಮೇಲೆ ನಮೂದಿಸಲೇಬೇಕಾದ ಒಂಬತ್ತು ಮುಖ್ಯ ಅಲರ್ಜಿ ಪದಾರ್ಥಗಳಲ್ಲಿ ಒಂದು. ಎಳ್ಳು ಆಗದ ಮಗುವಿದ್ದರೆ ಕಣ್ಣಿಗೆ ಚಾಕೊಲೇಟ್ ಚುಕ್ಕೆ ಇಡಿ. ಕೆಲವು ಮನೆಯ ಮುಂದೆ ನೀಲಿ ಹಸಿರು ಬಣ್ಣದ ಕುಂಬಳಕಾಯಿ ಇಟ್ಟಿರುತ್ತಾರೆ, ನೋಡಿರಬಹುದು. ಇಲ್ಲಿ ತಿಂಡಿಯಲ್ಲದ ಉಡುಗೊರೆಯೂ ಸಿಗುತ್ತದೆ, ಅಲರ್ಜಿ ಇರುವ ಮಕ್ಕಳೂ ಬನ್ನಿ ಎಂದು ಅದರ ಅರ್ಥ. 2014ರಿಂದ ಅದು ದೇಶದಾದ್ಯಂತ ಹರಡಿತು. ನಾವೂ ಈಗ ಒಂದು ಇಡುತ್ತೇವೆ, ಪಕ್ಕದಲ್ಲಿ ಒಂದು ಬುಟ್ಟಿ ಸ್ಟಿಕ್ಕರ್ ಮತ್ತು ಪೆನ್ಸಿಲ್.

ಸಸ್ಯಾಹಾರಿಗಳು ಮಾರ್ಷ್‌ಮೆಲೋ, ಕ್ಯಾಂಡಿ ಕಾರ್ನ್, ಜೆಲ್ಲಿ ಹುಳುಗಳ ಪೊಟ್ಟಣ ಓದಿಯೇ ಕೊಳ್ಳಿ. ಸಾಮಾನ್ಯವಾಗಿ ಅವುಗಳಲ್ಲಿ ಪ್ರಾಣಿಗಳಿಂದ ತೆಗೆದ ಜೆಲಾಟಿನ್ ಇರುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಬಾದಾಮಿ, ಗಟ್ಟಿ ಮಿಠಾಯಿ, ಅಂಗಡಿಯ ಗಟ್ಟಿ ಸಕ್ಕರೆ ಕಣ್ಣು ಬೇಡ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಟೂತ್‌ಪಿಕ್‌ಗಳನ್ನು ಎಣಿಸಿ ಕೊಟ್ಟು ಎಣಿಸಿ ವಾಪಸ್ ತೆಗೆದುಕೊಳ್ಳಿ.

ಇಟ್ಟುಕೊಳ್ಳುವುದು

ಪೇಡಾ ದೆವ್ವಗಳು ಮುಚ್ಚಿದ ಡಬ್ಬಿಯಲ್ಲಿ, ಪದರದ ನಡುವೆ ಬಟರ್ ಪೇಪರ್ ಹಾಕಿ ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಚೆನ್ನಾಗಿರುತ್ತವೆ. ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ, ಮೆತ್ತಗಾಗುತ್ತವೆ. ಬಿಸ್ಕತ್ತು ಮತ್ತು ಜೇಡ ಫ್ರಿಜ್‌ಗೆ ಬೇಡ, ಗರಿಗರಿ ಹೋಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಹೊರಗೇ ಇಡಿ.

ಹಿಟ್ಟು ಸ್ವಲ್ಪ ಉಳಿದೇ ಉಳಿಯುತ್ತದೆ. ದೀಪಾವಳಿ ಹ್ಯಾಲೋವೀನ್ ಆಸುಪಾಸಿನಲ್ಲೇ ಬರುವುದರಿಂದ ಅದಕ್ಕೆ ಏಲಕ್ಕಿ ಪುಡಿ ಸೇರಿಸಿ, ದುಂಡಗೆ ತಟ್ಟಿ, ನಡುವೆ ಹೆಬ್ಬೆರಳು ಒತ್ತಿ ಹಬ್ಬದ ಪೇಡಾ ಮಾಡಿಡುತ್ತೇನೆ. 2024ರಲ್ಲಿ ನರಕ ಚತುರ್ದಶಿಯೂ ಹ್ಯಾಲೋವೀನೂ ಒಂದೇ ದಿನ ಬಂದಿದ್ದವು, ಅಕ್ಟೋಬರ್ 31. ಆ ಸಂಜೆ ಬಾಗಿಲ ಬಳಿ ಹಣತೆಗಳ ಸಾಲಿನ ಪಕ್ಕದಲ್ಲೇ ಮಗಳು ತನ್ನ ಮೀಸೆಯ ಕುಂಬಳಕಾಯಿಗಳ ತಟ್ಟೆ ಇಟ್ಟಳು, ಮಗ ಅದರ ಮುಂದೆ "ನಾಳೆ ಬಾ" ಬಿಸ್ಕತ್ತು ಊರಿದ. ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲು ಮಾತ್ರ ಉಳಿದಿತ್ತು, ಕುಂಬಳಕಾಯಿಗಳನ್ನೆಲ್ಲ ಅಳಿಲು ಹೊತ್ತುಕೊಂಡು ಹೋಗಿತ್ತು. ಹೊರಗೆ ಇಡುವುದಾದರೆ ಮೇಲೊಂದು ಗಾಜಿನ ಮುಚ್ಚಳ ಇರಲಿ.